ಕಪ್ಪು ಕಲ್ಲಿನ ಕೆಳಗಿನ ಮೂಳೆ

ಸಿನಿಮಾ ಕಂಪನಿಯ ಮ್ಯಾನೇಜರ್ ನಮ್ಮ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು ಹಲ್ಲು ಕಿರಿದಾಗಲೇ ಇದರಲ್ಲೇನೋ ಹೇಸಿಗೆ ಇದೆ ಅನ್ನಿಸಿತ್ತು. ಹನ್ನೆರಡು ವರ್ಷ ಈ ಕಡೆ ತಲೆ ಹಾಕದವನು ಈಗ ಮಾತಿಗೊಮ್ಮೆ ನನ್ನನ್ನು ಅಕ್ಕಾ ಎನ್ನುತ್ತಿದ್ದ.

"ಕಂಪನಿಗೆ ಐವತ್ತು ವರ್ಷ ತುಂಬ್ತು ಅಕ್ಕಾ. ಗೇಟಿನ ಹತ್ರ ವೀರನ ಸ್ಮಾರಕ ಮಾಡ್ತಿದ್ದೀವಿ. ಮೇಲೆ ಕಂಚಿನ ನಾಯಿ, ಕೆಳಗೆ ಕಪ್ಪು ಕಲ್ಲು, ಕಲ್ಲಿನ ಕೆಳಗೆ ವೀರನ ನಿಜವಾದ ಮೂಳೆ. ಅಣ್ಣ ಎಲ್ಲಿ ಹೂತಿದ್ರು ಅಂತ ಹೇಳಿದ್ರೆ ಸಾಕು."

ನನ್ನ ಗಂಡ ಆ ಕಂಪನಿಯಲ್ಲಿ ನಾಯಿಗಳನ್ನು ಪಳಗಿಸುತ್ತಿದ್ದವರು. ವೀರ ಅವರ ಕೈಯಲ್ಲೇ ಬೆಳೆದದ್ದು. ಹನ್ನೊಂದು ಸಿನಿಮಾಗಳಲ್ಲಿ ಹೀರೋಗಿಂತ ಹೆಚ್ಚು ಚಪ್ಪಾಳೆ ಗಿಟ್ಟಿಸಿದ ನಾಯಿ. ಅವರು ನನ್ನ ಮುಖ ನೋಡದೆ, "ಸ್ಟುಡಿಯೋ ಹಿಂದೆ, ಸೆಟ್ ಸಾಮಾನಿನ ಶೆಡ್ ಪಕ್ಕ," ಎಂದರು.

ಹಸಿ ಸುಳ್ಳು. ವೀರ ಮಲಗಿರುವುದು ನಮ್ಮ ಹಿತ್ತಲಲ್ಲಿ, ನಾನು ದಿನಾ ಬಟ್ಟೆ ಒಗೆಯುವ ಕಡೆ.

ಕೊನೆಯ ಸಿನಿಮಾದಲ್ಲಿ ಅದನ್ನು ಎರಡನೇ ಮಹಡಿಯಿಂದ ಆರು ಸಲ ಹಾರಿಸಿದರು. ಐದನೆಯದೇ ಚೆನ್ನಾಗಿತ್ತು, ಆದರೆ ನಿರ್ಮಾಪಕನಿಗೆ ಬಿಸಿಲು ಇನ್ನಷ್ಟು ಬೇಕಿತ್ತಂತೆ. ಆರನೆಯದಕ್ಕೆ ಹಿಂಗಾಲು ಮುರಿಯಿತು. "ಡಾಕ್ಟರ್ ಹತ್ರ ಒಂದು ಸೂಜಿ ಹಾಕಿಸಿ ಮುಗಿಸಯ್ಯ. ಕುಂಟು ನಾಯೀನ ಯಾರು ನೋಡ್ತಾರೆ?" ಎಂದು ಹೇಳಿ ಆ ಮನುಷ್ಯ ಕಾರು ಹತ್ತಿದ. ನನ್ನ ಗಂಡ ಅದನ್ನು ಉಡುಪಿನ ಟ್ರಂಕಿನಲ್ಲಿ ಮಲಗಿಸಿ ಮನೆಗೆ ತಂದರು. ಮಾರನೆಯ ದಿನ ಕಂಪನಿಗೆ ಹೋಗಿ, ಮುಗಿಸಿದೆ, ಹೂತೆ ಎಂದರು. ನಾಲ್ಕು ವರ್ಷ ಅದು ಗುಂಡ ಎಂಬ ಹೆಸರಲ್ಲಿ ನಮ್ಮ ಅಡುಗೆಮನೆಯಲ್ಲಿ ಕುಂಟಿಕೊಂಡು ಬದುಕಿತು. ಯಾರಿಗೂ ಗುರುತು ಸಿಗದಿರಲಿ ಎಂದು ಅದರ ಹಣೆಯ ಬಿಳಿ ಮಚ್ಚೆಗೆ, ನನ್ನ ತಲೆಗೆ ಹಚ್ಚಿ ಉಳಿದ ಕಪ್ಪು ಬಣ್ಣ ಬಳಿಯುತ್ತಿದ್ದೆ. ಬೆರಳೆತ್ತಿದರೆ ಮಾತ್ರ ಬೊಗಳಲು ಕಲಿತ ಪ್ರಾಣಿ. ನಮ್ಮ ಮನೆಯಲ್ಲಿ ಯಾರೂ ಬೆರಳೆತ್ತಲಿಲ್ಲ. ಒಂದು ಮಧ್ಯಾಹ್ನ ನನ್ನ ಪಾದದ ಮೇಲೆ ತಲೆಯಿಟ್ಟು ಹೋಗಿಬಿಟ್ಟಿತು.

ಮ್ಯಾನೇಜರ್ ಅತ್ತ ಹೋದದ್ದೇ ನಾನು ಉರಿದುಬಿದ್ದೆ. "ರೀ, ಇನ್ನೂ ಯಾಕೆ ಮುಚ್ಚಿಡೋದು? ನಿಜ ಹೇಳಿ ಅವ್ರ ಮುಖಕ್ಕೆ ಮಂಗಳಾರತಿ ಮಾಡೋದಲ್ವಾ?"

"ಹೇಳಿದ್ರೆ ನಾಳೇನೇ ಗುದ್ದಲಿ ಹಿಡ್ಕೊಂಡು ಇಲ್ಲಿಗೇ ಬರ್ತಾರೆ ಕಣೇ. ಅವನನ್ನ ಕಿತ್ಕೊಂಡು ಹೋಗಿ ತಮ್ಮ ಗೇಟಿಗೆ ಕಾವಲು ಹಾಕ್ತಾರೆ. ಬದುಕಿದ್ದಾಗ ದುಡಿಸ್ಕೊಂಡಿದ್ದು ಸಾಲ್ದಾ? ಅವನು ಇಲ್ಲೇ ಇರ್ಬೇಕು."

ನಾನು ಹಿತ್ತಲಿಗೆ ಹೋಗಿ ಬಟ್ಟೆ ನೆನೆಹಾಕಿದೆ.

ಶೆಡ್ ಪಕ್ಕ ಎರಡು ದಿನ ಅಗೆದರಂತೆ. ಮೂರನೆಯ ದಿನ ಮ್ಯಾನೇಜರ್ ಫೋನ್ ಮಾಡಿ, "ಸಿಕ್ತು ಅಕ್ಕಾ!" ಎಂದ. ಏನು ಸಿಕ್ಕಿತಪ್ಪಾ ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಸಮಾರಂಭದ ಬೆಳಿಗ್ಗೆ ಅವನು ಪೆಟ್ಟಿಗೆ ತೆರೆದು ತೋರಿಸಿದ. ಕೆಂಪು ಮಖಮಲ್ಲಿನ ಮೇಲೆ ಸಾಲಾಗಿ ಮೂಳೆಗಳು, ಗಮ್ಮೆನ್ನುವ ಫಿನಾಯಿಲ್ ವಾಸನೆ. ಹಾಸ್ಟೆಲ್ ಅಡುಗೆಮನೆಯಲ್ಲಿ ಹದಿನೈದು ವರ್ಷ ಮಾಂಸ ಕೊಚ್ಚಿದವಳು ನಾನು. ಅವು ಕುರಿಯ ಕಾಲುಗಳು. ತುದಿಯಲ್ಲಿ ಅಂಗಡಿಯ ಗರಗಸದ ಗುರುತು ಹಾಗೇ ಇತ್ತು. ಒಂದಕ್ಕಂತೂ ಗೊರಸೇ ಅಂಟಿಕೊಂಡಿತ್ತು. ನಾಯಿಗೆ ಗೊರಸು! ಅಷ್ಟು ವರ್ಷ ನಾಯಿಯಿಂದ ಹೊಟ್ಟೆ ಹೊರೆದುಕೊಂಡವರಿಗೆ ಅದರ ಕಾಲು ಹೇಗಿತ್ತೆಂದು ನೋಡಲೂ ಪುರುಸೊತ್ತಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ನನ್ನ ಕೈ ಹಿಸುಕಿದರು.

ವೇದಿಕೆಯ ಮೇಲೆ ನಿರ್ಮಾಪಕ ಕರವಸ್ತ್ರ ಹಿಡಿದು ಗಳಗಳನೆ ಅತ್ತ. "ವೀರ ನಾಯಿಯಲ್ಲ, ನನ್ನ ಮಗ. ನನ್ನ ತೊಡೆ ಮೇಲೇ ಪ್ರಾಣ ಬಿಟ್ಟ," ಎಂದ. ಅತ್ತು ಮುಗಿಸಿ, ಕ್ಯಾಮೆರಾದವನಿಗೆ ತನ್ನ ಎಡಗಡೆ ಬರಲು ಸನ್ನೆ ಮಾಡಿದ. ಮುಂದಿನ ಸಾಲಿನ ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರು. ನನಗೆ ಅಲ್ಲೇ ಕ್ಯಾಕರಿಸಿ ಉಗಿಯಬೇಕೆನ್ನಿಸಿತು.

ಆಮೇಲೆ ನನ್ನ ಗಂಡನ ಕೈಗೆ ಪೆಟ್ಟಿಗೆ ಕೊಟ್ಟು, ಬಾಯಿಗೆ ಮೈಕ್ ಹಿಡಿದ. "ಬೆಳೆಸಿದವನು ನೀನು. ನೀನೇ ಹೇಳಯ್ಯ, ಇದು ನಮ್ಮ ವೀರನೇ ತಾನೆ?"

ಅವರು ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. "ಹೌದು ಸಾರ್. ವೀರನೇ."

ಚಪ್ಪಾಳೆಯೋ ಚಪ್ಪಾಳೆ. ಕುರಿಯ ಮೂಳೆ ಗುಂಡಿಗೆ ಇಳಿಯಿತು, ಕಪ್ಪು ಕಲ್ಲು ಮುಚ್ಚಿತು. ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಗಂಡನನ್ನು ಕರೆತರಲು ಹೋದೆ. ಅಷ್ಟರಲ್ಲಿ ನಿರ್ಮಾಪಕ ಅವರ ಹೆಗಲ ಮೇಲೆ ಕೈ ಹಾಕಿ ಕಂಚಿನ ನಾಯಿಯ ಹಿಂದಕ್ಕೆ ಕರೆದೊಯ್ದಿದ್ದ.

"ಮಾನ ಉಳಿಸಿದೆ ಕಣಯ್ಯ. ಅಲ್ಲಿ ಆಳುದ್ದ ಅಗೆದ್ರೂ ಒಂದು ಹಲ್ಲೂ ಸಿಗ್ಲಿಲ್ಲ. ಈಗ ನಿಜ ಹೇಳು, ಅದನ್ನ ಎಲ್ಲಿಟ್ಟಿದ್ದೀಯ?"

ನಾನು ಕಲ್ಲಿನ ಈಚೆಗೇ ನಿಂತುಬಿಟ್ಟೆ. ನನ್ನ ಗಂಡ ತಲೆ ತಗ್ಗಿಸಿ ನಿಂತರು. ಆಮೇಲೆ ಮೆಲ್ಲಗೆ, "ಕಸದ ಲಾರಿಗೆ ಹಾಕ್ದೆ ಸಾರ್," ಎಂದರು.

ನಿರ್ಮಾಪಕ ಹೊಟ್ಟೆ ಕುಣಿಸಿ ನಕ್ಕ. "ನಾನೂ ಹಾಗೇ ಅಂದ್ಕೊಂಡೆ. ಇನ್ನೇನು ಮಾಡೋಕಾಗುತ್ತೆ, ನಾಯಿ ತಾನೆ!" ಎಂದು ಅವರ ಬೆನ್ನು ತಟ್ಟಿ ಫೋಟೋಗೆ ನಿಲ್ಲಲು ಹೋದ.

ಗೇಟಿನ ಹೊರಗಿನ ನಲ್ಲಿಯಲ್ಲಿ ನನ್ನ ಗಂಡ ಬಾಯಿ ಮುಕ್ಕಳಿಸಿದರು. ಮತ್ತೆ ಮುಕ್ಕಳಿಸಿದರು. ನಿಲ್ಲಿಸಲೇ ಇಲ್ಲ.

"ಸಾಕು ಬನ್ನಿ," ಎಂದೆ. "ಇನ್ನು ಯಾರೂ ಹುಡುಕ್ಕೊಂಡು ಬರಲ್ಲ. ಅವನು ನಮ್ಮ ಹತ್ರಾನೇ ಉಳಿದ್ನಲ್ಲ."

"ಕಸದ ಲಾರಿಗೆ ಅಂದ್ಬಿಟ್ಟೆ ಕಣೇ," ಎಂದರು. "ಅವನನ್ನ." ಮತ್ತೆ ಬೊಗಸೆಯನ್ನು ನಲ್ಲಿಗೆ ಒಡ್ಡಿದರು.