ಚರ್ಚಿನ ಪತ್ರಿಕೆಯ ಮೂರನೇ ಪುಟ

ಹಗ್ಗ ಗಾಲಿಯಲ್ಲಿ ಸಿಕ್ಕಿಕೊಂಡಿತ್ತು. ಡೋರ್ಟೆ ಎರಡು ಸಲ ಜಗ್ಗಿದಳು. ಬಾವುಟ ಕಂಬದ ತುದಿ ಮುಟ್ಟಿ, ಆಮೇಲೆ ಅರ್ಧಕ್ಕೆ ಇಳಿದು ನಿಂತಿತು.

“ಮಣ್ಣಾಗೋವರೆಗೂ ಅಲ್ಲೇ ಇರಲಿ,” ಎಂದಳು ಪಕ್ಕದ ಮನೆಯ ಮುದುಕಿ ಗ್ರೇಟೆ. “ಆಮೇಲೆ ಪೂರ್ತಿ ಏರಿಸೋದು ಮರೀಬೇಡ. ನಾನು ಮರೆತು, ನಮ್ಮನೆಯವರನ್ನ ಎರಡು ದಿನ ಅರ್ಧಕ್ಕೇ ನೇತುಹಾಕಿದ್ದೆ.”

ಡೋರ್ಟೆಯ ಅಪ್ಪ ವಿಗೊ ತೀರಿಕೊಂಡು ಆರು ದಿನವಾಗಿತ್ತು. ಯೂಲ್ಯಾಂಡಿನ ಆ ಸೀಮೆಯಲ್ಲಿ ಹಾಲು ಕರೆಯುವ ಯಂತ್ರ ಕೆಟ್ಟರೆ ಎಲ್ಲರೂ ಹುಡುಕುತ್ತಿದ್ದದ್ದು ಅವನನ್ನೇ. ಎಪ್ಪತ್ತಾರು ತುಂಬುವವರೆಗೂ ಒದ್ದೆ ಹಟ್ಟಿಯ ನೆಲದಲ್ಲಿ ಮಲಗಿ ರಿಪೇರಿ ಮಾಡಿದ. ಹಾಗೆ ದುಡಿಯುವಂತೆ ಮಾಡಿದವಳು ತಾನೇ ಎಂಬುದು ಡೋರ್ಟೆಯೊಳಗೆ ನಲವತ್ತು ವರ್ಷದಿಂದ ಮುರಿದು ಕೂತ ಮುಳ್ಳು.

*

ಆಗ ಅವಳಿಗೆ ಹದಿನಾಲ್ಕು. ಆಸ್ಪತ್ರೆಯ ಅರಿವಳಿಕೆ ಡಾಕ್ಟರು, ಸರಿಮಾಡಿಕೊಡು ಎಂದು ವಿಗೊನಿಗೆ ಒಂದು ಉಕ್ಕಿನ ಅಲಗು ತಂದುಕೊಟ್ಟಿದ್ದರು. ಗಂಟಲಿಗೆ ಉಸಿರಿನ ಕೊಳವೆ ಇಳಿಸುವಾಗ ನಾಲಿಗೆ ಎತ್ತಿ ಹಿಡಿಯುವಂಥದ್ದು. ಬಾಯಿ ಬಿಗಿದ ರೋಗಿಗಳಲ್ಲಿ ಅದು ದಾರಿ ತೋರಿಸುತ್ತಿರಲಿಲ್ಲ. ಆಗತಾನೇ ಹುಟ್ಟಿದ ಕರುಗಳ ಗಂಟಲಿಂದ ಲೋಳೆ ತೆಗೆಯಲು ವಿಗೊ ಬಗ್ಗಿಸಿಟ್ಟುಕೊಂಡ ಚಮಚವೊಂದಿತ್ತು. ಅದೇ ಬಾಗನ್ನು ಅಲಗಿನ ತುದಿಗೆ ಕೊಟ್ಟ. ಡಾಕ್ಟರು, ಪೇಟೆಂಟಿಗೆ ಹಾಕು, ಕೈತುಂಬ ದುಡ್ಡು ಬರುತ್ತೆ ಎಂದರು. ಅರ್ಜಿ ಬರೆಯಲು ಅವನಿಗೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ಡೋರ್ಟೆ ಫೋಟೊ ತೆಗೆದು, ಅಳತೆ ಸಮೇತ ಬರೆದು, ಚರ್ಚಿನ ಪತ್ರಿಕೆಗೆ ಕೊಟ್ಟಿದ್ದಳು. ಅದು ಮನೆಮನೆಗೂ ಹೋಯಿತು.

ಅರ್ಜಿಗೆ ಮೊದಲೇ ಅಚ್ಚಾದದ್ದು ಹೊಸದಲ್ಲ, ಪೇಟೆಂಟ್ ಕೊಡಲಾಗದು ಎಂದು ಉತ್ತರ ಬಂತು. ಅಪ್ಪ ಪತ್ರವನ್ನು ಮೇಜಿನ ಖಾನೆಗೆ ಹಾಕಿ ಕೆಲಸಕ್ಕೆ ಹೋದ. ಅವಳು ಕದ್ದು ಓದಿದಳು. ಇಬ್ಬರೂ ಎಂದೂ ಆ ಮಾತೆತ್ತಲಿಲ್ಲ. ಅವಳು ಪತ್ರಿಕೆಗೆ ಮತ್ತೊಂದು ಸಾಲು ಬರೆಯಲಿಲ್ಲ.

*

ಪಾದ್ರಿ ಮೂರು ಸಲ ಮಣ್ಣು ಹಾಕಿದರು. ಊರ ಸಭಾಮನೆಯಲ್ಲಿ ಕಾಫಿ, ಬನ್ನು ಹಂಚುವಾಗ ಅಪರಿಚಿತ ಮುದುಕನೊಬ್ಬ ಡೋರ್ಟೆಯ ಎದುರು ಕೂತ.

“ನಾನು ಮೊಗೆನ್ಸ್. ಪೇಟೆಂಟ್ ಕಚೇರೀಲಿ ನಿಮ್ಮಪ್ಪನ ಅರ್ಜಿ ನೋಡಿದವನು.”

ಅವಳು ಬಟ್ಟಲು ಕೆಳಗಿಟ್ಟಳು. “ಆ ಪತ್ರಿಕೆ ನಿಮಗೆ ಸಿಕ್ಕಿದ್ದಾದರೂ ಹೇಗೆ?”

“ನನಗೆಲ್ಲಿ ಸಿಗುತ್ತೆ? ಮೂರು ವಾರ ಹುಡುಕಿದೆ, ಏನೂ ಇರಲಿಲ್ಲ. ಇನ್ನೇನು ಪೇಟೆಂಟ್ ಕೊಡಬೇಕು, ನಿಮ್ಮಪ್ಪನೇ ಅಂಚೇಲಿ ಕಳಿಸಿದರು.”

“ಅಪ್ಪನಾ?”

“ಫೋನ್ ಮಾಡಿದೆ. ‘ನನ್ನ ಮಗಳು ಮೊದಲೇ ಹೇಳಿಬಿಟ್ಟಿದ್ದಾಳೆ, ಹೊಸದು ಅಂತ ಹೇಗೆ ರುಜು ಹಾಕಲಿ’ ಅಂದರು. ಬೇಜಾರಿಲ್ವಾ ಅಂದೆ. ಅದಕ್ಕೆ ಅವರು, ‘ಅದಿರಲಿ, ಬರೆದದ್ದು ಚೆನ್ನಾಗಿದೆ ಅಲ್ವಾ?’ ಅಂತ ಕೇಳಿದರು.”

ಡೋರ್ಟೆ ಅವನ ಬಟ್ಟಲಿಗೆ ಕಾಫಿ ಬಗ್ಗಿಸಿದಳು.

“ಈಗೆಲ್ಲ ಅಲಗಿನ ತುದಿಗೆ ಕ್ಯಾಮೆರಾ, ದೀಪ. ವರ್ಷ ವರ್ಷ ಅರ್ಜಿ ರಾಶಿ ಬೀಳುತ್ತೆ, ದೂರದ ದೇಶಗಳಿಂದ. ನಡುವೆ ಯಾರಾದರೊಬ್ಬರು ಆ ಬಾಗು ತಮ್ಮದೇ ಅಂತಾರೆ. ಆಗ ಈ ಹಾಳೆ ಮುಂದಿಡ್ತೀವಿ. ನಾನಿದ್ದಾಗಲೇ ನಲವತ್ತೊಂದು ಸಲ. ಅದಕ್ಕೆ ಬೇಲಿ ಹಾಕೋಕೆ ಯಾರಿಗೂ ಆಗಲಿಲ್ಲ. ಬೇಕಾದವರೆಲ್ಲ ಮಾಡಿಕೊಂಡರು.” ಮಡಿಸಿದ ನಕಲೊಂದನ್ನು ಅವಳತ್ತ ಸರಿಸಿದ. ಮೂರನೇ ಪುಟ. ಅಲಗು ಹಿಡಿದು ಪೆಚ್ಚಾಗಿ ನಿಂತ ಅಪ್ಪ, ಕೆಳಗೆ ಅವಳ ಹೆಸರು, ಪಕ್ಕದಲ್ಲಿ ರೂಬಾರ್ಬ್ ಎಂಬ ಹುಳಿದಂಟಿನ ಕೇಕ್ ಮಾಡುವ ಬಗೆ.

ಗ್ರೇಟೆ ಕನ್ನಡಕ ಏರಿಸಿ ಬಾಗಿದಳು. “ಈ ಕೇಕು ನಂದು. ಸಕ್ಕರೆ ಅಳತೆ ತಪ್ಪಾಗಿ ಅಚ್ಚಾಗಿದೆ. ನಲವತ್ತೊಂದು ಸಲ ಹೀಗೇ ಹೋಯ್ತಾ?”

“ಹೋಯ್ತು, ಅಮ್ಮಾ.”

“ಮಾನ ಹೋಯ್ತು ಅನ್ನು.”

ಡೋರ್ಟೆಗೆ ನಗು ಬಂತು. ತಡೆಯಲು ಹೋಗಿ ಕೆಮ್ಮಿದಳು, ಕಣ್ಣಲ್ಲಿ ನೀರಾಡಿತು. ಗ್ರೇಟೆ ಅವಳ ಬೆನ್ನು ತಟ್ಟುತ್ತ ಬನ್ನು ಮುಗಿಸಿದಳು.

ಮನೆಗೆ ಬಂದಾಗ ಬಾವುಟ ಇನ್ನೂ ಅರ್ಧಕ್ಕೇ ಇತ್ತು. ಡೋರ್ಟೆ ಹಾಳೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಗ್ಗ ಹಿಡಿದಳು. ಮತ್ತೆ ಸಿಕ್ಕಿಕೊಂಡಿತು. ಗ್ರೇಟೆ ಊರುಗೋಲಿನಿಂದ ಕಂಬಕ್ಕೊಂದು ಏಟು ಹಾಕಿದಳು. ಗಾಲಿ ಕಿರುಗುಟ್ಟಿ ತಿರುಗಿತು. ಬಾವುಟ ಅಂಗೈಗೆ ಹಗ್ಗದ ಬಿಸಿ ತಾಗುವಷ್ಟು ಬೇಗ ಏರಿ, ತುದಿ ಮುಟ್ಟಿ, ಗಾಳಿಗೆ ಬಿಚ್ಚಿಕೊಂಡಿತು.