ಗಡ್ಡದ ಕೂದಲು

ರೆಪ್ಪೆಯ ಒಳಗಡೆ ಕೆಂಪು, ಕುಲುಮೆಯ ಮುಂದೆ ಕಣ್ಣು ಮುಚ್ಚಿ ಕೂತ ಹಾಗೆ, ದೊಡ್ಡ ದೀಪ ಹೊತ್ತಿಸಿದರು ಅಂತಾಯಿತು, ಇನ್ನು ಉಸಿರನ್ನು ಎದೆಯಿಂದ ಇಳಿಸಿ ಹೊಟ್ಟೆಯ ತಳಕ್ಕೆ ಕಳಿಸಬೇಕು, ಅಲ್ಲಿ ಹೊದಿಕೆಯ ಮಡಿಕೆಗಳಿವೆ, ಎಷ್ಟು ಆಡಿದರೂ ಯಾರಿಗೂ ಕಾಣುವುದಿಲ್ಲ, ಎದೆ ಮಾತ್ರ ಹಾಸುಗಲ್ಲಿನ ಹಾಗಿರಬೇಕು — ಮುದುಕ ಮಂಚದ ಮೇಲೆ ಸತ್ತು ಮಲಗಿದ್ದ, ಸಿನಿಮಾಕ್ಕೆ. ಕೈ ಎರಡೂ ಹೊಟ್ಟೆಯ ಮೇಲೆ, ಕೆನ್ನೆಗೆ ಅಂಟಿಸಿದ ಬಿಳಿ ಗಡ್ಡ, ಅದರ ಗೋಂದಿನ ವಾಸನೆ ಮೂಗಿಗೇರಿ ಗಂಟಲಲ್ಲಿ ಒಂದು ಕೆರೆತ ಎಬ್ಬಿಸಿತ್ತು, ಕೆಮ್ಮು, ಬೆಳಿಗ್ಗೆಯಿಂದ ಅದು ಬಾಗಿಲ ಹೊರಗಿನ ನಾಯಿಯ ಹಾಗೆ ಕಾದು ಕೂತಿದೆ, ಹಚಾ, ಈಗ ಬೇಡ. ಅಲುಗಬೇಡಿ ಯಜಮಾನ್ರೇ ಅಂದಿದ್ದ ಮೇಕಪ್ಪಿನವನು ಗಡ್ಡವನ್ನು ಹೆಬ್ಬೆರಳಲ್ಲಿ ಒತ್ತುತ್ತ, ಹೆಣ ಆಗೋದು ನಿಮಗೇನು ಹೊಸದೇ, ಉಂಡಷ್ಟು ಸಲ ಸತ್ತಿದ್ದೀರಿ. ಹೌದಪ್ಪ, ಆದ್ರೆ ಇವತ್ತು ಸರಿಯಾಗಿ ಸತ್ರೆ ಬದುಕಿದೆ ಅಂತ ಅಂದಿದ್ದ ಮುದುಕ, ಇಬ್ಬರೂ ನಕ್ಕಿದ್ದರು, ನಗುವಿನ ಬಾಲ ಹಿಡಿದು ಕೆಮ್ಮೂ ಬಂದಿತ್ತು, ಮೇಕಪ್ಪಿನವನು ಅತ್ತ ಇತ್ತ ನೋಡಿ ಬಾಗಿಲು ಒರಗಿಸಿದ್ದ, ಯಾರಿಗೂ ಕೇಳಿಸದಿರಲಿ ಅಂತ.

ಯಾಕೆಂದರೆ ನಿರ್ದೇಶಕ ಮೊದಲೇ ಹೇಳಿಬಿಟ್ಟಿದ್ದ, ಒಳ್ಳೆಯವನೇ, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಹೇಳಿದ್ದ, ನೋಡಿ ತಾತ, ಇವತ್ತು ನೀವು ಅಲುಗದೆ ಕೆಮ್ಮದೆ ತಡ್ಕೊಂಡ್ರೆ ಇದೇ ಸಿನಿಮಾದ ಹಿಂದಿನ ಕಥೆಯಲ್ಲಿ ಬದುಕಿರೋ ಅಪ್ಪನನ್ನೂ ನಿಮ್ಮ ಕೈಲೇ ಮಾಡಿಸ್ತೀನಿ, ಆಗಲ್ಲ ಅಂದ್ರೆ ಹೆಣದ ಮುಖ ಮುಚ್ಚಿ ಅಪ್ಪನಿಗೆ ಬೇರೆಯವರನ್ನ ಹಾಕ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ. ಬೇಜಾರು ಏನು ಬಂತು, ಬದುಕಿರುವ ಅಪ್ಪನಿಗೆ ಒಂದೇ ಒಂದು ಮಾತಿದೆ, ಮುಚ್ಚಿದ ಬಾಗಿಲ ಮುಂದೆ ನಿಂತು ಹೇಳುವುದು, ತಡವಾಯ್ತು ಮಗಳೇ, ಬಾಗಿಲು ತೆಗಿ. ಅಷ್ಟೇ. ಮಗಳೇ ಅನ್ನುವಲ್ಲಿ ಒಂದು ಗುಟುಕು ಉಸಿರು ನಿಲ್ಲಬೇಕು, ತೆಗಿ ಅನ್ನುವುದು ಬೇಡಿ ಕೇಳಿದ ಹಾಗಿರಬೇಕು, ಹೇಳಿದ ಹಾಗಿರಬಾರದು. ಬಚ್ಚಲುಮನೆಯಲ್ಲಿ ಅದನ್ನೇ ಹೇಳಿ ಹೇಳಿ ರೂಢಿ ಮಾಡುತ್ತಿದ್ದಾಗ ಪಕ್ಕದ ಮನೆಯಾಕೆ ಗೋಡೆ ಬಡಿದಳು, ಯಾರು ತೆಗೀಬೇಕು ತಾತ, ಒಳಗಿಂದ ಚಿಲಕ ಹಾಕ್ಕೊಂಡಿರೋದು ನೀವೇ ಅಲ್ವಾ. ನಾಲಿಗೆ ಚುರುಕು ಅವಳದು. ನಿಜ, ಚಿಲಕ ಹಾಕಿಕೊಂಡವನು ತಾನೇ — ಮಗಳು ಇದೇ ಊರಲ್ಲಿದ್ದಾಳೆ, ಎರಡು ಬಸ್ಸು ಬದಲಿಸಿದರೆ ಅವಳ ಮನೆ, ಅಳಿಯ ಒಬ್ಬನೇ ಆಗಾಗ ಬಂದು ಹೋಗುತ್ತಾನೆ, ಕಾಲುಚೀಲ ಹಾಕಿಕೊಂಡೇ ಬಾಗಿಲ ಬಳಿ ಕೂತು ಗಡಿಯಾರ ನೋಡುತ್ತ, ಮಾವ, ಟಾಕೀಸಿಗೇನೋ ಬರ್ತಾಳೆ, ನೀವು ತೆರೆ ಮೇಲೆ ಬಂದ ತಕ್ಷಣ ತಲೆ ತಗ್ಗಿಸಿ ಸೆರಗಿನ ಅಂಚು ನೋಡ್ತಾ ಕೂತಿರ್ತಾಳೆ. ಕಿವಿ ಮುಚ್ಕೊಳ್ತಾಳೇನಪ್ಪ? ಇಲ್ಲ ಮಾವ, ಕಿವಿ ಮುಚ್ಕೊಳ್ಳಲ್ಲ. ಕಿವಿ ಮುಚ್ಚುವುದಿಲ್ಲ. ಹಾಗಾದರೆ ಆ ಒಂದು ಮಾತು ಸಾಕು, ಕತ್ತಲಲ್ಲಿ, ಅವಳು ತಲೆ ತಗ್ಗಿಸಿ ಕೂತಿರುವಾಗ, ಬೇರೆ ಯಾರದೋ ಮಗಳಿಗೆ ಹೇಳಿದ ಹಾಗೆ ಅವಳಿಗೇ ಹೇಳಿಬಿಡಬಹುದು. ಮೊನ್ನೆ ಫೋನಿನಲ್ಲಿ ಹೇಳಲು ಹೋದದ್ದು ಹಾಳಾಯಿತು, ಹುಷಾರಿಲ್ಲಮ್ಮ, ಒಂದ್ಸಲ ಬಂದು ಹೋಗು ಅಂದ, ಆ ಕಡೆಯಿಂದ ಪಾತ್ರೆ ಇಟ್ಟ ಸದ್ದು, ಆಮೇಲೆ ಅವಳು, ನಿಜವಾಗಿ ಸತ್ತಾಗ ಹೇಳಿ ಕಳಿಸಿ, ಬರ್ತೀನಿ.

ತಪ್ಪೇನಿಲ್ಲ ಅವಳದು, ಯಾರಿಗೆ ತಾನೇ ನಂಬಿಕೆ ಬಂದೀತು, ಊರಿಗೇ ಗೊತ್ತಿರುವ ಸಾವು ಅವನದು, ಎದೆನೋವು ಅಂತಲೇ ಹೆಸರು ಬಿದ್ದಿತ್ತು, ನಿಧಾನ ಇಳೀರಿ ಎದೆನೋವು ಸಾರ್ ಅನ್ನುತ್ತಿದ್ದ ಬಸ್ಸಿನ ಕಂಡಕ್ಟರ್, ಬೀದಿಯ ಮಕ್ಕಳು ಇವನನ್ನು ಕಂಡರೆ ಎದೆ ಹಿಡಿದುಕೊಂಡು ದೊಪ್ಪನೆ ಬೀಳುತ್ತಿದ್ದವು. ಅವು ತಪ್ಪಾಗಿ ಬೀಳುತ್ತಿದ್ದವು, ತಲೆ ಮೊದಲು. ಬೀಳುವುದು ಹಾಗಲ್ಲ, ಮೊದಲು ಮಂಡಿ, ಆಮೇಲೆ ಭುಜ, ಕಡೆಗೆ ತಲೆ, ಉಗ್ರಾಣದಲ್ಲಿ ಮೂಟೆ ಹೊರುತ್ತಿದ್ದ ಕಾಲದಲ್ಲಿ ಜೊತೆಯವನೊಬ್ಬ ಹಲಗೆಯ ಮೇಲೆ ಹಾಗೆ ಬಿದ್ದದ್ದನ್ನು ನೋಡಿದ್ದ, ಮೂಟೆ ಬೆನ್ನ ಮೇಲಿದ್ದ ಹಾಗೆಯೇ, ಯಾರನ್ನೋ ಬೇಡಿಕೊಳ್ಳುವವನ ಹಾಗೆ ಮಂಡಿಯೂರಿ. ಸ್ಟುಡಿಯೋಕ್ಕೆ ಮರದ ಸಾಮಾನು ಇಳಿಸಲು ಹೋಗಿದ್ದ ದಿನ ಸಾಯಬೇಕಾದ ನಟ ಕುಡಿದು ಮಲಗಿ ಬಂದೇ ಇರಲಿಲ್ಲ, ಏಯ್ ನೀನು, ಬೀಳು ನೋಡೋಣ ಅಂದರು, ಬಿದ್ದ, ಚಪ್ಪಾಳೆ, ಅಲ್ಲಿಂದ ಬೀಳುತ್ತಲೇ ಬಂದ, ಮೇಲೆ ಬಂದದ್ದೂ ಹಾಗೆಯೇ, ಬಿದ್ದು ಬಿದ್ದು. ನಾಯಕನ ಅಪ್ಪ, ನಾಯಕಿಯ ಅಪ್ಪ, ನ್ಯಾಯಾಧೀಶ, ಅಂಚೆಯವನು, ಈಗಲೇ ಏನೂ ಹೇಳೋಕಾಗಲ್ಲ ಅನ್ನುವ ಡಾಕ್ಟರು, ಮತ್ತೆ ಅಪ್ಪ, ಮತ್ತೆ ಅಪ್ಪ. ಹೆಂಡತಿ ಕೋಟಿನ ಗುಂಡಿ ಹಾಕುತ್ತ ಕೇಳುತ್ತಿದ್ದಳು, ಇವತ್ತು ಯಾರಪ್ಪ ನೀವು? ಸಂಜೆ ಮಾತ್ರ ನಮ್ಮ ಹುಡುಗೀಗೆ ಅಪ್ಪ ಆಗಿ ಬನ್ನಿ, ಅವಳು ಉಣ್ಣದೆ ಕಾಯ್ತಾಳೆ.

ಬೆಚ್ಚಗಿದೆ, ದೀಪ ಹತ್ತಿರ ತಂದರು, ಗಡ್ಡದ ಅಂಚು ಬೆವರಿಗೆ ಬಿಟ್ಟುಕೊಳ್ಳುತ್ತಿದೆ, ಗೋಂದಿಗೆ ನೀರು ಆಗುವುದಿಲ್ಲ, ಅವತ್ತೂ ಆಗುತ್ತಿರಲಿಲ್ಲ — ಅವತ್ತು ಗಡ್ಡ ಇನ್ನೂ ದಟ್ಟ, ಅರ್ಧ ದೃಶ್ಯ ಮುಗಿದಿತ್ತು, ಆಫೀಸಿನವನು ಓಡಿ ಬಂದು ಕಿವಿಯಲ್ಲಿ ಹೇಳಿದ, ಮನೇಲಿ ನಿಮ್ಮೋರು ಹೋಗ್ಬಿಟ್ರಂತೆ. ಆಗಿನ ನಿರ್ದೇಶಕ ಕುತ್ತಿಗೆಯ ಬೆವರು ಒರೆಸಿಕೊಂಡ, ಕಾರು ತಗೊಂಡು ಹೋಗಿ, ಆದ್ರೆ ಗಡ್ಡ ಮಾತ್ರ ತೆಗೀಬೇಡಿ, ಹೊಸದಾಗಿ ಅಂಟಿಸಿದ್ರೆ ಇವತ್ತಿಂದಕ್ಕೆ ಹೊಂದಲ್ಲ, ನಾಳೆ ನೀವು ಬರಲೇಬೇಕು. ಹೂಂ ಅಂದ. ಯಾಕೆ ಹೂಂ ಅಂದ? ನಾಲಿಗೆಗೆ ಅದೊಂದೇ ಬರುತ್ತಿತ್ತು. ಮನೆಯ ಬಾಗಿಲು ತೆರೆದೇ ಇತ್ತು, ಒಲೆಯ ಮೇಲೆ ನೀರು ಕುದಿದು ಕುದಿದು ಬತ್ತಿತ್ತು, ಮಂಚದ ಮೇಲೆ ಹೆಂಡತಿ, ತಲೆಯ ಬಳಿ ಮಗಳು, ಎರಡು ಜಡೆ, ಒಂದು ಬಿಚ್ಚಿಹೋಗಿತ್ತು, ಹೆಣೆಯುವವಳು ನಡುವೆ ಬಿಟ್ಟು ಎದ್ದು ಹೋಗಿ ಮಲಗಿದಳೋ ಏನೋ. ಬಗ್ಗಿದ, ಕಣ್ಣಿನ ಬುಡಕ್ಕೆ ನೀರು ಬಂತು, ಆಗ ಒಳಗಿನಿಂದ ಯಾರೋ ಹೇಳಿದರು, ಗೋಂದು ಬಿಡುತ್ತೆ — ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದ, ಸೂರಿನ ಕೊಂಡಿಯನ್ನು ನೆಟ್ಟು ನೋಡಿದ, ಕಸುಬು ಕಲಿಸಿದ ಉಪಾಯ, ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಕೆನ್ನೆಗೆ ಕೆನ್ನೆ ಇಟ್ಟು ಎದ್ದ. ತಣ್ಣಗಿತ್ತು. ಎದ್ದಾಗ ಅವಳ ಕೆನ್ನೆಯ ಮೇಲೆ ಒಂದು ಬಿಳಿ ಕೂದಲು, ಉದ್ದನೆಯದು, ಗಡ್ಡದ್ದು. ಮಗಳು ಅದನ್ನು ನೋಡಿದಳು, ಇವನ ಒಣ ಕಣ್ಣನ್ನೂ ನೋಡಿದಳು, ಎರಡು ಬೆರಳಲ್ಲಿ ಕೂದಲನ್ನು ಮೆಲ್ಲಗೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಕೇಳಿದಳು, ಇದು ಯಾರಪ್ಪಂದು? ಅವತ್ತಿನಿಂದ ಅಪ್ಪನಿಗೆ ನೀವು ಅನ್ನತೊಡಗಿದಳು. ಮಾರನೆಯ ದಿನ ಅದೇ ಗಡ್ಡದಲ್ಲಿ, ಸಿನಿಮಾದ ಮಗಳ ತಲೆ ಮಡಿಲಲ್ಲಿಟ್ಟುಕೊಂಡು, ಬಿಕ್ಕಿ ಬಿಕ್ಕಿ ಅತ್ತ, ಗೋಂದು ಬಿಟ್ಟರೆ ಬಿಡಲಿ, ಅದೇ ಕಡೆಯ ಶಾಟು ಅಂದಿದ್ದರು. ಟಾಕೀಸಿನಲ್ಲಿ ಜನ ಮೂಗು ಸೀನಿಕೊಂಡರು, ಮಗಳೂ ಹೋಗಿ ನೋಡಿ ಬಂದಳು, ಬಂದು ತನ್ನ ತಟ್ಟೆಯೊಂದನ್ನೇ ಹಾಕಿಕೊಂಡು ಕೂತಳು.

ಬಂತು, ಹೆಜ್ಜೆ ಸದ್ದು, ಈ ಸಿನಿಮಾದ ಮಗಳು, ಹೊಸ ಹುಡುಗಿ, ಮಂಚದ ಪಕ್ಕ ಕುಸಿದಳು, ಮೊದಲು ಮಂಡಿ, ಭೇಷ್, ಅಪ್ಪಾ ಅಂದಳು, ಕೆಮ್ಮು ಎದ್ದು ಗಂಟಲಿಗೆ ಹಾರಿತು, ನುಂಗಿದ, ಇನ್ನೊಮ್ಮೆ ಹಾರಿತು, ನುಂಗಿದ, ಹೋಯಿತು, ಗೆದ್ದೆ, ಅವಳ ಉಸಿರು ಮುಖಕ್ಕೆ ತಾಗಿತು, ಏನೋ ಕೆನ್ನೆಯ ಮೇಲೆ ಹರಿದಾಡಿತು, ಬೆರಳು, ಎರಡು ಬೆರಳು, ಬಿಟ್ಟುಕೊಂಡ ಒಂದು ಕೂದಲನ್ನು ಕೆನ್ನೆಯಿಂದ ಮೆಲ್ಲಗೆ ಎತ್ತುತ್ತಿವೆ — ಯಾರು ಹೇಳಿಕೊಟ್ಟರು ಇವಳಿಗೆ — ನಾಲಿಗೆ ಅಂಗುಳಕ್ಕೆ, ಒತ್ತು, ಒತ್ತು, ನೆಟ್ಟು ನೋಡಲು ಸೂರಿಲ್ಲ, ಕಣ್ಣು ಮುಚ್ಚಿದೆ, ಬರೀ ಕೆಂಪು, ಕೆಂಪಿನೊಳಗಿಂದ ಬೆಚ್ಚನೆಯದೊಂದು ಕಣ್ಣಿನ ತುದಿಗೆ ಬಂದು ನಿಂತು ಕಿವಿಯ ಕಡೆಗೆ ಇಳಿಯಿತು. ಕಟ್. ಮೇಲೆ ದೀಪದ ಹಲಗೆಯಿಂದ ಒಬ್ಬ, ಅಯ್ಯೋ, ಹೆಣ ಅಳ್ತಾ ಇದೆ ನೋಡ್ರೋ. ಗೊಳ್ಳೆಂದರು. ಮೇಕಪ್ಪಿನವನು ಬಂದು ಹತ್ತಿ ಒತ್ತಿದ, ಯಜಮಾನ್ರೇ, ಏನಿದು, ಕೆಮ್ಮು ಬಿಟ್ಟು ಬೇರೇನೋ ತಂದ್ರಲ್ಲ. ಬೆಳಕು ಚುಚ್ತು ಕಣೋ, ಅಷ್ಟೇ, ಇನ್ನೊಂದ್ಸಲ ಅನ್ನು. ಇನ್ನೊಂದು ಸಲ. ಮಂಡಿ, ಅಪ್ಪಾ, ಉಸಿರು, ಬೆರಳು ಬರುವ ಮೊದಲೇ ಇಳಿಯಿತು, ಎರಡೂ ಕಣ್ಣಿಂದ. ಈ ಸಲ ಯಾರೂ ನಗಲಿಲ್ಲ, ಅದು ಇನ್ನೂ ಕೆಟ್ಟದು. ನಿರ್ದೇಶಕ ಹತ್ತಿರ ಬಂದು ಭುಜ ಮುಟ್ಟಿದ, ಪರವಾಗಿಲ್ಲ ತಾತ, ನಿಮ್ಮ ತಪ್ಪಲ್ಲ. ಆಮೇಲೆ ಅತ್ತ ತಿರುಗಿ, ತಗ್ಗಿದ ದನಿಯಲ್ಲಿ, ಮುಖ ಮುಚ್ಬಿಡಿ.

ಹೊದಿಕೆ ಮೇಲೆ ಬಂತು, ಗಂಜಿ ಹಾಕಿದ ಬಟ್ಟೆಯ ವಾಸನೆ, ಕೆಂಪು ಹೋಗಿ ಬಿಳುಪು, ಕಣ್ಣು ಬಿಟ್ಟರೂ ನಡೆಯುತ್ತದೆ ಈಗ, ಬಿಟ್ಟ. ಹೊರಗೆ ಹುಡುಗಿ ಇನ್ನು ಬೇರೆ ಯಾರದೋ ಆಗುವ ಮುಖಕ್ಕೆ ಅಳುತ್ತಿದ್ದಾಳೆ, ಚೆನ್ನಾಗಿಯೇ ಅಳುತ್ತಿದ್ದಾಳೆ. ಕೆಮ್ಮಲೂಬಹುದು, ಆದರೆ ಆ ನಾಯಿಯೂ ಎದ್ದು ಹೋಗಿತ್ತು. ತಡವಾಯ್ತು ಮಗಳೇ ಎಂದು ತುಟಿಯಲ್ಲೇ ಅಂದ, ಗುಟುಕು ಉಸಿರು ಸರಿಯಾಗಿ ನಿಂತಿತು, ಮುಂದಿನದು ಏನಿತ್ತು, ಬಾಗಿಲು, ಬಾಗಿಲು ತೆರೆದೇ ಇತ್ತಲ್ಲ ಅವತ್ತು, ನೀರು ಬತ್ತಿತ್ತು, ಒಂದು ಜಡೆ ಬಿಚ್ಚಿತ್ತು, ಎರಡು ಬೆರಳು, ಕಿಟಕಿಯ ಬೆಳಕು, ನಡುವೆ ಒಂದು ಬಿಳಿ ಕೂದಲು, ಎರಡು ಬೆರಳು, ಕೂದಲು —