ಹಸು ಮುಟ್ಟದ ಸೊಪ್ಪು

“ಬಿಚ್ಚೇ ಮಡ್ಲು! ಕದ್ದು ತಿನ್ನೋ ಜಾತಿ ನಿಮ್ದು, ನಂಗೊತ್ತಿಲ್ವಾ? ಬಿಚ್ಚೇ ಲೌಡಿ!”

ಬೈರಮ್ಮ ಸೀರೆಯ ಮಡಿಲು ಬಿಚ್ಚಿದಳು. ಎರಡು ಹಿಡಿ ಅಣ್ಣೆಸೊಪ್ಪು, ನಾಲ್ಕು ಕುಡಿ ಗಣಿಕೆ ತೋಟದ ಗೇಟಿನ ಮುಂದೆ ಮಣ್ಣಿಗೆ ಬಿದ್ದವು. ಬೆಳಗಿನಿಂದ ದ್ರಾಕ್ಷಿ ಚಪ್ಪರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಅವಳೇ ಕಿತ್ತ ಕಳೆ ಅದು. ಕೀಳುವುದಕ್ಕೆ ಕೂಲಿ ಉಂಟು, ಕಿತ್ತದ್ದರಲ್ಲಿ ಒಂದೆಲೆಯೂ ಅವಳದಲ್ಲ. ಅದಷ್ಟೂ ಯಜಮಾನ ಸೋಮಲಿಂಗಪ್ಪನ ಸೀಮೆಹಸುವಿಗೆ. ಆ ಹಸುವಿನ ಹಾಲು ಸೈಕಲ್ಲಿನ ಕ್ಯಾನಿನಲ್ಲಿ ಜರಗನಹಳ್ಳಿ ದಾಟಿ ಜಯನಗರದ ಹೊಸ ಮನೆಗಳಿಗೆ ಹೋಗುತ್ತಿತ್ತು.

“ಬುದ್ಧಿ, ಮಗ್ಳು ಏಳು ತಿಂಗ್ಳ ಬಸ್ರಿ. ಒಂದಿಡಿ ಸಾರಿಗೆ ಅಂತ...”

“ಬಸ್ರಿ ಮಾಡ್ದೋನ್ನ ಕೇಳೋಗು! ನಾನೇನು ಮಾಡಿದ್ನಾ?”

ಅಂದು ಸೋಮಲಿಂಗಪ್ಪ ತಾನೇ ನಕ್ಕ. ಅವಳು ಮುಟ್ಟಿದ್ದನ್ನು ತಾನು ಮುಟ್ಟುವ ಹಾಗಿಲ್ಲವಲ್ಲ, ಸೊಪ್ಪನ್ನು ಚಪ್ಪಲಿ ಕಾಲಲ್ಲೇ ಕೊಟ್ಟಿಗೆಯ ಕಡೆ ತಳ್ಳಿದ. ಹಸುವಿಗೆ ಅಂಥ ಮಡಿಯೇನೂ ಇರಲಿಲ್ಲ, ತಿಂದಿತು.

ಮಗಳು ಗೌರಿಗೆ ಎರಡು ಬಸಿರು ನಿಂತಿರಲಿಲ್ಲ. ಇದು ಮೂರನೆಯದು. ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು, ನಾಲ್ಕು ಹೆಜ್ಜೆಗೆ ಏದುಸಿರು. ಇದೊಂದಾದರೂ ನಿಲ್ಲಲಿ ಎಂದು ಬೈರಮ್ಮ ಕಾಣದ ದೇವರಿಗೆಲ್ಲ ಕೈ ಮುಗಿದಿದ್ದಳು.

ಭಾನುವಾರ ಹೆರಿಗೆ ಆಸ್ಪತ್ರೆಯಿಂದ ನರ್ಸ್ ಚೂಡಾಮಣಿ ತೋಟಕ್ಕೆ ಬಂದಳು. ಹೆಂಗಸರು ನೆಲದ ಮೇಲೆ, ಸೋಮಲಿಂಗಪ್ಪ ಕುರ್ಚಿಯ ಮೇಲೆ. ನರ್ಸ್ ಬಣ್ಣದ ಪಟವೊಂದನ್ನು ಹುಣಸೆಮರಕ್ಕೆ ನೇತುಹಾಕಿದಳು. ಅದರ ತುಂಬ ಹಾಲು, ಮೊಟ್ಟೆ, ಕಿತ್ತಳೆಹಣ್ಣು, ದಾರ ಕಟ್ಟಿದ ಸೊಪ್ಪಿನ ಕಟ್ಟು. ಅವಳು ಬೈರಮ್ಮನ ಪಕ್ಕ ಕೂತಿದ್ದ ಗೌರಿಯ ಕೆಳರೆಪ್ಪೆ ಎಳೆದು ನೋಡಿದಳು.

“ಅಯ್ಯೋ, ರಕ್ತವೇ ಇಲ್ವಲ್ಲ! ಏನು ತಿಂತೀಯಾ?”

“ಮುದ್ದೆ.”

“ಮುದ್ದೆಗೆ?”

“ಉಪ್ಪು ಮೆಣ್ಸಿನ್ಕಾಯಿ.”

“ದಿನಾ ಹಸಿರು ಸೊಪ್ಪು ತಿನ್ನಬೇಕು ಕಣಮ್ಮ. ರಕ್ತ ಆಗೋದೇ ಅದರಿಂದ. ನಿಮ್ಮ ಜನಕ್ಕೆ ಎಷ್ಟು ಹೇಳಿದ್ರೂ ತಲೆಗೆ ಹತ್ತೋದಿಲ್ಲ. ಇಲ್ಲಿ ಯಾರಿಗಾದ್ರೂ ಒಂದು ಸೊಪ್ಪಿನ ಹೆಸರು ಗೊತ್ತಾ?”

ಬೈರಮ್ಮನಿಗೆ ಮೈ ಉರಿಯಿತು. “ಅಣ್ಣೆ, ಕೊಮ್ಮೆ, ಹೊನಗೊನ್ನೆ, ಗೋಣಿ. ನೀವು ಗಣಿಕೆ ಮ್ಯಾಲೇ ನಿಂತಿದ್ದೀರಿ ನರ್ಸಮ್ಮ.”

ಚೂಡಾಮಣಿ ಕಾಲೆತ್ತಿ ನೋಡಿದಳು. “ಇದಾ? ಇದು ಕಳೆ ಅಲ್ವಾ?”

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕೆಂದರು. ನರ್ಸಿನ ಮುಖ ಕೆಂಪಾಯಿತು. “ಗೊತ್ತಿದ್ರೆ ಮತ್ತೆ ಯಾಕೆ ತಿನ್ನಲ್ಲ?”

 ಎಲ್ಲರ ಕಣ್ಣೂ ಕುರ್ಚಿಯ ಕಡೆ ಹೋಯಿತು. ಸೋಮಲಿಂಗಪ್ಪ ಕೆಮ್ಮಿದ, ಅತ್ತಿತ್ತ ನೋಡಿದ, ಏನೋ ಲೆಕ್ಕ ಹಾಕಿಕೊಂಡ.

“ತಿನ್ಲಿ ಬಿಡಿ ತಾಯಿ! ನಾನು ಬ್ಯಾಡ ಅಂದೋನಾ? ನಾಳೆ ಸೋಮವಾರ, ತೋಟಕ್ಕೆ ರಜ. ಮಂಗಳವಾರದಿಂದ ತಗೊಂಡೋಗ್ರೇ, ಎಷ್ಟು ಬೇಕೋ ಅಷ್ಟು.”

“ಎಲ್ಲಾ ಯಜಮಾನರೂ ನಿಮ್ಮ ಥರ ಇದ್ದುಬಿಟ್ರೆ!” ಎಂದು ಚೂಡಾಮಣಿ ಅದನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡಳು. ಆಹಾ, ಎಂಥ ಧರ್ಮಪ್ರಭು!

ಮಂಗಳವಾರ ಗೇಟಿನಲ್ಲಿ ಯಾರೂ ಮಡಿಲು ಬಿಚ್ಚಿಸಲಿಲ್ಲ. ಬೈರಮ್ಮ ಮಡಿಲು ತುಂಬ ಸೊಪ್ಪು ಹೊತ್ತು ತಂದು, ಎರಡು ನೀರಲ್ಲಿ ತೊಳೆದು, ಬೇಯಿಸಿ ಬಸಿದಳು. ಬಿಸಿಮುದ್ದೆಗೆ ಬಸ್ಸಾರು! ಗೌರಿ ಎಷ್ಟೋ ದಿನದ ಮೇಲೆ ನಕ್ಕಳು.

“ಬೆಳ್ಳುಳ್ಳಿ ಎಲ್ಲಿಂದ ತಂದ್ಯವ್ವಾ? ಘಮ್ ಅಂತೈತೆ.”

“ಬೆಳ್ಳುಳ್ಳಿನಾ? ಎಲ್ಲೈತೆ ನಮ್ಮನೇಲಿ?” ಅಂದಳು ಬೈರಮ್ಮ. ಮಗಳಿಗೆ ಬಸುರಿ ಬಯಕೆಯಿರಬೇಕು ಎಂದುಕೊಂಡು ಇನ್ನೊಂದು ಸೌಟು ಬಡಿಸಿದಳು. ತನಗೆ ಉಳಿದದ್ದು ತಳದ ಗಷ್ಟು.

ಕೈ ತೊಳೆದು ಏಳುವ ಮುಂಚೆಯೇ ಗೌರಿ ವಾಂತಿ ಮಾಡಿದಳು. ಬಾಯಿಂದ ಜೊಲ್ಲು ನಿಲ್ಲದು, ಕೈಕಾಲು ನಡುಗಿದ್ದು ನಿಲ್ಲದು. ಕೇರಿಯ ಇನ್ನೂ ಮೂರು ಮನೆಗಳಲ್ಲಿ ಅದೇ ಗೋಳು. ಹುಣಸೆನೀರು ಕುಡಿಸಿದರು, ದೃಷ್ಟಿ ತೆಗೆದರು. ಹೇಗೋ ಜೀವ ಉಳಿಯಿತು. ಮೂರನೆಯ ದಿನ ಗೌರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಅವ್ವಾ, ಒದೀತಿಲ್ಲ” ಅಂದಳು.

ಶುಕ್ರವಾರ ಬೈರಮ್ಮ ಕೆಲಸಕ್ಕೆ ಹೋದಾಗ ಕೊಟ್ಟಿಗೆಯಲ್ಲಿ ಹಸು ಒಣಹುಲ್ಲು ಮೆಲ್ಲುತ್ತಿತ್ತು. ಹೊರಗೆ ಎಳೇ ಸೊಪ್ಪು ಮೊಣಕಾಲುದ್ದ ಬೆಳೆದಿರುವಾಗ, ಒಣಹುಲ್ಲು! ಹಾಲು ಕರೆಯುವ ರಾಮಯ್ಯನನ್ನು ಕೇಳಿದಳು.

“ಯಾಕಣ್ಣ, ಸೊಪ್ಪು ಹಾಕ್ಲಿಲ್ವಾ?”

“ಹದಿನೈದು ದಿನ ಹಾಕ್ಬ್ಯಾಡ ಅಂದವ್ರೆ ಯಜಮಾನ್ರು. ಸೋಮವಾರ ಆಳು ಕರ್ಸಿ ಬಳ್ಳಿಗೆಲ್ಲ ಹುಳದ ಔಷ್ದಿ ಹೊಡ್ಸಿದ್ರು. ಥೂ, ಬೆಳ್ಳುಳ್ಳಿ ನಾತ! ಕೆಳಗಿನ ಸೊಪ್ಪು ದನ ತಿನ್ಬಾರ್ದು ಅಂತ ದನದ ಡಾಕ್ಟ್ರೇ ಹೇಳವ್ರಂತೆ.”

ಬೈರಮ್ಮ ತನ್ನ ಮಡಿಲನ್ನು ಮೂಗಿಗೆ ಹಿಡಿದಳು. ರಾಮಯ್ಯ ಕೇರಿಯ ಸುದ್ದಿ ಕೇಳಿರಲಿಲ್ಲ, ಚೆಂಬು ತೊಳೆಯುತ್ತ ಹೋದ.

ಅದೇ ಮಧ್ಯಾಹ್ನ ಸುದ್ದಿ ತಿಳಿದು ಚೂಡಾಮಣಿ ಬಂದಳು. ಗೌರಿಯನ್ನು ಕೇರಿಯಿಂದ ತೋಟಕ್ಕೇ ಕರೆಸಿ, ಕೊಟ್ಟಿಗೆ ಎದುರಿನ ಹುಣಸೆಮರದಡಿ ಮಲಗಿಸಿ, ಮರದ ಕೊಳವೆಯೊಂದನ್ನು ಹೊಟ್ಟೆಗಿಟ್ಟು ಕಿವಿಗೊಟ್ಟಳು. ಜಾಗ ಬದಲಿಸಿ ಕೇಳಿದಳು. ಮತ್ತೆ ಬದಲಿಸಿದಳು. ತಲೆಯೆತ್ತದೆ, “ಆಸ್ಪತ್ರೆಗೆ ಕರ್ಕೊಂಡು ಬನ್ನಿ” ಎಂದಷ್ಟೇ ಹೇಳಿ ರಿಜಿಸ್ಟರ್ ಬಿಚ್ಚಿದಳು.

“ಏನ್ ಬರ್ಕೊಂತಿದ್ದೀರಿ?” ಬೈರಮ್ಮ ಕೇಳಿದಳು.

“ಸೊಪ್ಪು ತೊಳೀದೆ ತಿಂದದ್ದು ಅಂತ. ತಿನ್ನಿ ಅಂದೆ, ಕೊಳಕು ಸಮೇತ ತಿನ್ನಿ ಅಂದ್ನಾ? ಇಷ್ಟು ಕಷ್ಟಪಟ್ಟು ಹೇಳಿಕೊಟ್ಟು ಏನು ಬಂತು?” ಅವಳು ನಿಜವಾಗಿಯೂ ಕಣ್ಣೊರೆಸಿಕೊಂಡಳು.

“ಅದೇ ನೋಡಿ ತಾಯಿ,” ಕುರ್ಚಿಯಿಂದ ಸೋಮಲಿಂಗಪ್ಪ ಅಂದ, “ಪಾಪ ಅಂತ ಕೊಟ್ರೆ ತಿನ್ನಕ್ಕೂ ಬರಾಕಿಲ್ಲ ಈ ಮುಂಡೇವ್ಕೆ.”

ಬೈರಮ್ಮ ಚಪ್ಪರದ ಕೆಳಗೆ ಹೋಗಿ ಎರಡು ಕೈಗೂ ಸಿಕ್ಕಷ್ಟು ಸೊಪ್ಪು ಕಿತ್ತಳು. ಅವಳ ಅಮ್ಮ, ಅಮ್ಮನ ಅಮ್ಮ ಯಾರೂ ಮೆಟ್ಟದ ಕೊಟ್ಟಿಗೆಯ ಹೊಸಿಲು ದಾಟಿ ಸೀದಾ ಒಳಗೆ ಹೋದಳು.

“ಲೇ! ಎಲ್ಲಿಗೇ ನುಗ್ತೀಯಾ? ಮೈಲಿಗೆ ಆಯ್ತದೆ, ಈಚೆ ಬಾರೇ!”

ಹಸು ಒಣಹುಲ್ಲು ಬಿಟ್ಟು ತಲೆಯೆತ್ತಿತು. ನಾಲ್ಕು ದಿನದಿಂದ ಹಸಿರು ಕಾಣದ ಬಾಯಿ. ಬೈರಮ್ಮ ಸೊಪ್ಪನ್ನು ಮೂತಿಯ ಮುಂದೆ ಹಿಡಿದಳು.

ಸೋಮಲಿಂಗಪ್ಪ ಕುರ್ಚಿ ಬೀಳಿಸಿಕೊಂಡು ಓಡಿ ಬಂದ. “ಬ್ಯಾಡ ಕಣೇ! ತಿನ್ನಿಸ್ಬ್ಯಾಡ ಕಣೇ, ನಿನ್ ಕಾಲಿಗೆ ಬೀಳ್ತೀನಿ! ಔಷ್ದಿ ಹೊಡ್ದಿರೋ ಸೊಪ್ಪು, ಸತ್ತೋಯ್ತದೆ ಹಸ!”

ಚೂಡಾಮಣಿಯ ಪೆನ್ನು ನಿಂತಿತು.

“ಕೇಳಿಸ್ತಾ ನರ್ಸಮ್ಮ?” ಬೈರಮ್ಮ ತಿರುಗಿ ನೋಡಲಿಲ್ಲ. “ಅವ್ನು ಹೇಳಿದ್ದು ಹಂಗಂಗೇ ಬರ್ಕೊಳ್ಳಿ. ಬರ್ದು ಎಲ್ಲಾರ್ಗೂ ಕೇಳಂಗೆ ಓದಿ. ಅಲ್ಲೀಗಂಟ ನನ್ ಕೈ ಹಿಂಗೇ ಇರ್ತದೆ.”

ನರ್ಸ್ ರಿಜಿಸ್ಟರನ್ನೊಮ್ಮೆ, ಯಜಮಾನನನ್ನೊಮ್ಮೆ ನೋಡಿದಳು. ಮರದಡಿಯಿಂದ ಗೌರಿ ಮೊಣಕೈ ಊರಿ ಮೇಲೆದ್ದಳು. ಹಸು ಹಗ್ಗ ಜಗ್ಗಿ ಕುತ್ತಿಗೆ ಚಾಚಿತು. ಅದರ ನಾಲಗೆ ಬೈರಮ್ಮನ ಬೆರಳ ತುದಿಗೆ ತಾಗಿತು.

“ಬರೀರಿ,” ಅಂದಳು ಬೈರಮ್ಮ.